ರೋಗಿಯ ಜೇಬಿಗೊಂದು ಗಡಿ

ಅಮೆರಿಕದ ಆರೋಗ್ಯ ವಿಮೆಯಲ್ಲಿ ಮಿತಿ ಮೊದಲಿನಿಂದಲೂ ಇತ್ತು. ಅದು ಕಾಯುತ್ತಿದ್ದುದು ವಿಮೆ ಕೊಡುವವರನ್ನು. 1929ರಲ್ಲಿ ಡಲ್ಲಾಸ್‌ನ ಬೇಲರ್ ಆಸ್ಪತ್ರೆಗಾಗಿ ಜಸ್ಟಿನ್ ಫೋರ್ಡ್ ಕಿಂಬಲ್ ರೂಪಿಸಿದ ಯೋಜನೆಯಲ್ಲಿ ಶಾಲಾ ಶಿಕ್ಷಕರು ತಿಂಗಳಿಗೆ 50 ಸೆಂಟ್ ಕಟ್ಟುತ್ತಿದ್ದರು. ಪ್ರತಿಯಾಗಿ ಸಿಗುತ್ತಿದ್ದುದು 21 ದಿನಗಳ ಆಸ್ಪತ್ರೆ ಚಿಕಿತ್ಸೆ. ಪೂರ್ಣ ರಕ್ಷಣೆ ಅಲ್ಲಿಗೆ ಮುಗಿಯಿತು. ಮುಂದೆ ಎಷ್ಟೋ ಪಾಲಿಸಿಗಳು ಜೀವಮಾನಕ್ಕೆ ಇಂತಿಷ್ಟೇ ಡಾಲರ್ ಎಂದು ಗೆರೆ ಎಳೆದವು. ಕ್ಯಾನ್ಸರ್‌ನಂಥ ಕಾಯಿಲೆ ಬಂದವರು ಆ ಗೆರೆ ಮುಟ್ಟಿದರೆ ಮುಂದಿನ ಖರ್ಚೆಲ್ಲ ಅವರದೇ.

ರೋಗಿಯ ಕಡೆಗೂ ಗಡಿ ಬೇಕೆಂಬುದನ್ನು ಗಂಭೀರವಾಗಿ ಪರಿಗಣಿಸಿದ್ದು 1970ರ ದಶಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಆರೋಗ್ಯ ವಿಮೆ ಪ್ರಯೋಗ. ಖರ್ಚಿನಲ್ಲಿ ಪಾಲು ಕೊಡಬೇಕಾದರೆ ಜನ ವೈದ್ಯರ ಬಳಿ ಹೋಗುವುದು ಕಡಿಮೆಯಾಗುತ್ತದೆಯೇ ಎಂಬುದು ಅದರ ಪ್ರಶ್ನೆ. ಆದರೆ ಯಾರ ಮನೆಯೂ ಮುಳುಗಬಾರದೆಂದು ಕುಟುಂಬದ ವಾರ್ಷಿಕ ಹೊರೆಯನ್ನು ಆದಾಯದ ಶೇ 5, 10 ಅಥವಾ 15ಕ್ಕೆ ಕಟ್ಟಿಹಾಕಿದ್ದರು. ಭೇಟಿಗಳು ಕಡಿಮೆಯಾದವು, ಬೇಡದ ಚಿಕಿತ್ಸೆಯ ಜತೆ ಬೇಕಾದ ಚಿಕಿತ್ಸೆಯೂ ತಗ್ಗಿತು.

ದೇಶಕ್ಕೆಲ್ಲ ಕಾನೂನು ಬಂದದ್ದು ಬಹಳ ತಡವಾಗಿ. 2010ರಲ್ಲಿ ಒಬಾಮ ಸಹಿ ಹಾಕಿದ ಕಾಯ್ದೆ ಅಗತ್ಯ ಚಿಕಿತ್ಸೆಗಳಿಗೆ ಕಂಪನಿಗಳು ಹಾಕುತ್ತಿದ್ದ ಜೀವಮಾನದ ಡಾಲರ್ ಮಿತಿಯನ್ನು ತೆಗೆದು, 2014ರಿಂದ ರೋಗಿಯ ಪಾಲಿಗೆ ಮಿತಿ ಇಟ್ಟಿತು: ಒಬ್ಬರಿಗೆ ವರ್ಷಕ್ಕೆ 6,350 ಡಾಲರ್. 2025ಕ್ಕೆ ಅದು 9,200 ಆಯಿತು.

ಲೆಕ್ಕ ಹೀಗೆ. ಬಿಲ್ 60,000 ಡಾಲರ್, ಡಿಡಕ್ಟಿಬಲ್ 3,000 ಎಂದುಕೊಳ್ಳಿ. ಮೊದಲು ಆ 3,000 ರೋಗಿಯೇ ಕೊಡಬೇಕು. ಉಳಿದ 57,000ದಲ್ಲಿ ಶೇ 20ರ ಪಾಲು 11,400. ಒಟ್ಟು 14,400 ಆಗಬೇಕಿತ್ತು. ಮಿತಿ 9,200 ಇದ್ದರೆ ಅಲ್ಲಿಗೇ ನಿಲ್ಲುತ್ತದೆ, ಮಿಕ್ಕಿದ್ದು ಕಂಪನಿಯದು. ತಿಂಗಳ ಪ್ರೀಮಿಯಂ ಇದರಲ್ಲಿ ಸೇರುವುದಿಲ್ಲ. ನೆಟ್‌ವರ್ಕ್‌ನ ಹೊರಗಿನ, ಅಂದರೆ ಕಂಪನಿಯೊಡನೆ ಒಪ್ಪಂದವಿಲ್ಲದ ವೈದ್ಯರ ಖರ್ಚೂ ಸಾಮಾನ್ಯವಾಗಿ ಸೇರದು. ಹೊಸ ಪಾಲಿಸಿ ವರ್ಷ ಬಂತೆಂದರೆ ಎಣಿಕೆ ಮತ್ತೆ ಸೊನ್ನೆಯಿಂದ: ಡಿಸೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆ, ಜನವರಿಯಲ್ಲಿ ಅದರ ಮುಂದುವರಿಕೆ ಎಂದರೆ ಬಹುತೇಕರಿಗೆ ಎರಡು ವರ್ಷದ ಹೊರೆ.

ಕಡಿಮೆ ಆದಾಯದವರಿಗೆ ಕೆಲವು ಪ್ಲ್ಯಾನ್‌ಗಳಲ್ಲಿ ಮಿತಿ ತಗ್ಗುತ್ತದೆ, ನಿಜ. ಉಳಿದಂತೆ ಲಕ್ಷಾಧಿಪತಿಗೂ ಬಸ್ ಚಾಲಕನಿಗೂ ಕಾನೂನಿನ ಗರಿಷ್ಠ ಒಂದೇ. ಪ್ರಯೋಗದಲ್ಲಿದ್ದ ಆದಾಯದ ಅಳತೆಯನ್ನು ಕೈಬಿಟ್ಟದ್ದು ಅನ್ಯಾಯವೇ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟ ನಮ್ಮ ಹಿರಿಯರು ಕೊಳ್ಳುವ ಪ್ರವಾಸ ವಿಮೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದರ ಮೇಲೆ 50,000 ಡಾಲರ್ ಎಂದಿದ್ದರೆ ಕಂಪನಿ ಕೊಡುವ ಗರಿಷ್ಠ ಅಷ್ಟು; ಅದನ್ನು ಮೀರಿದ್ದು ನಿಮ್ಮದು. ಟಿಕೆಟ್ ಕಾಯ್ದಿರಿಸುವ ಮುನ್ನ ಆ ಸಾಲನ್ನು ಓದಿಕೊಳ್ಳಿ.