ಆನ್‌ಲೈನ್ ಅಂಗಡಿಗಳೂ ರೈತರ ಕಾರ್ಡಿನ ಅಂಕೆಗಳೂ

ಬೇತಮಂಗಲದ ಸುತ್ತಣ ಗ್ರಾಮಗಳ ರೈತರು ತರಕಾರಿ ಬೀಜ, ಹನಿ ನೀರಾವರಿಯ ಕೊಳವೆ, ಔಷಧ ಸಿಂಪಡಿಸುವ ಪಂಪು ಮೊದಲಾದ ಸಾಮಾನುಗಳನ್ನು ಬಂಗಾರಪೇಟೆ ಕೋಲಾರಗಳ ಅಂಗಡಿಗಳಲ್ಲಿ ಕೊಳ್ಳುವುದಲ್ಲದೆ, ಮೊಬೈಲ್ ಫೋನಿನ ಮೂಲಕ ಆನ್‌ಲೈನ್ ಅಂಗಡಿಗಳಿಂದಲೂ ತರಿಸಿಕೊಳ್ಳಬಹುದಾಗಿದೆ. ಮನೆಯ ಬಾಗಿಲಿಗೆ ಸಾಮಾನು ಬರುವುದು ಅನುಕೂಲವೇ ಸರಿ. ಆದರೆ ಹಣ ಸಲ್ಲಿಸುವಾಗ, ಕಾರ್ಡಿನ ವಿವರವನ್ನು ಮುಂದಿನ ಖರೀದಿಗಾಗಿ ಉಳಿಸಿಕೊಳ್ಳಬಹುದೇ ಎಂಬ ಪ್ರಶ್ನೆಯು ಪರದೆಯ ಮೇಲೆ ಬರುವುದುಂಟು. ಇದನ್ನು ಓದದೆ ಒಪ್ಪಿಗೆ ಒತ್ತುವುದು ಬರಿಯ ಕಾಗದಕ್ಕೆ ರುಜು ಹಾಕಿದಂತೆಯೇ ಸರಿ.

ಹಾಲಿನ ಬಟವಾಡೆ, ರೇಷ್ಮೆಗೂಡಿನ ಹಣ, ಬೆಳೆಸಾಲ ಇವೆಲ್ಲವೂ ರೈತನ ಬ್ಯಾಂಕು ಖಾತೆಗೆ ಜಮೆಯಾಗುತ್ತವೆ. ಕಾರ್ಡು ಆ ಖಾತೆಯ ಬೀಗದ ಕೈ. ಕಾರ್ಡಿನ ಅಂಕೆಗಳು ಹತ್ತು ಅಂಗಡಿಗಳಲ್ಲಿ ಉಳಿದರೆ, ಅವುಗಳಲ್ಲಿ ಯಾವುದೊಂದರ ದಾಖಲೆ ಕಳ್ಳರ ಕೈಸೇರಿದರೂ ವರ್ಷದ ದುಡಿಮೆಗೆ ಅಪಾಯ ತಪ್ಪದು.

ಈ ಕಾರಣದಿಂದಲೇ ಭಾರತೀಯ ರಿಸರ್ವ್ ಬ್ಯಾಂಕು ಒಂದು ಕಟ್ಟಳೆಯನ್ನು ವಿಧಿಸಿತು. ಗಡುವು ಮೂರು ಸಲ ಮುಂದೆ ಹೋಗಿ, 2022ನೆಯ ಇಸವಿ ಅಕ್ಟೋಬರ್ 1ನೆಯ ತಾರೀಖಿನಿಂದ ಅದು ಜಾರಿಗೆ ಬಂದಿತು. ಇದರಂತೆ ದೇಶದೊಳಗಿನ ವ್ಯವಹಾರದಲ್ಲಿ, ಕಾರ್ಡು ಕೊಟ್ಟ ಬ್ಯಾಂಕು ಮತ್ತು ರುಪೇ, ವೀಸಾ ಮೊದಲಾದ ಕಾರ್ಡು ಜಾಲಗಳ ಹೊರತು ಬೇರೆ ಯಾರೂ ಕಾರ್ಡಿನ ಪೂರ್ಣ ಸಂಖ್ಯೆಯನ್ನು ಉಳಿಸಿಕೊಳ್ಳಕೂಡದು. ಗುರುತಿಗಾಗಿ ಕೊನೆಯ ನಾಲ್ಕು ಅಂಕೆಗಳನ್ನೂ ಬ್ಯಾಂಕಿನ ಹೆಸರನ್ನೂ ಮಾತ್ರ ಅಂಗಡಿಯು ಇಟ್ಟುಕೊಳ್ಳಬಹುದು. ಸಂಖ್ಯೆಗೆ ಬದಲಾಗಿ ಟೋಕನ್ ಎಂಬ ಸಂಕೇತವು ಅಂಗಡಿಗೆ ದೊರೆಯುತ್ತದೆ. ಅದು ಆ ಒಂದು ಅಂಗಡಿಗೆ ಮಾತ್ರ ನಡೆಯುವ ಚೀಟಿ. ಕದ್ದವನು ಬೇರೆ ಅಂಗಡಿಯಲ್ಲಿ ತೋರಿಸಿದರೆ ಸಲ್ಲದು.

ಟೋಕನ್ನಿಗೂ ಕಾರ್ಡಿನ ಒಡೆಯನ ಸ್ಪಷ್ಟವಾದ ಒಪ್ಪಿಗೆ ಬೇಕು. ಅಂಗಡಿಯವರೇ ಮುಂಚಿತವಾಗಿ ಸರಿಗುರುತು ಹಾಕಿಟ್ಟ ಚೌಕವು ಒಪ್ಪಿಗೆಯೆನಿಸದು. ಓಟಿಪಿ ಮುಂತಾದ ದೃಢೀಕರಣವೂ ಆಗತಕ್ಕದ್ದು. ಆದುದರಿಂದ ಓಟಿಪಿಯನ್ನು ಅನ್ಯರಿಗೆ ಹೇಳುವುದೆಂದರೆ ತನ್ನ ರುಜುವನ್ನು ಅವರ ಕೈಗೆ ಕೊಡುವುದೆಂದೇ ತಿಳಿಯತಕ್ಕದ್ದು. ಟೋಕನ್ ಮಾಡಿಸಲೇಬೇಕೆಂಬ ಬಲವಂತವಿಲ್ಲ. ಬೇಡವಾದವರು ಪ್ರತಿ ಸಲವೂ ಕಾರ್ಡಿನ ಸಂಖ್ಯೆಯನ್ನು ಬರೆದು ಹಣ ಸಲ್ಲಿಸಬಹುದು. ಇದಕ್ಕಾಗಿ ಗ್ರಾಹಕನಿಂದ ಶುಲ್ಕ ವಸೂಲು ಮಾಡುವಂತೆಯೂ ಇಲ್ಲ.

ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ಉಂಟು. ಯಾವ ಯಾವ ಅಂಗಡಿಗಳಲ್ಲಿ ಟೋಕನ್ ಇದೆಯೆಂಬ ಪಟ್ಟಿಯನ್ನು ತೋರಿಸಿ, ಬೇಡವಾದುದನ್ನು ರದ್ದು ಮಾಡುವ ಅನುಕೂಲವನ್ನು ಬ್ಯಾಂಕು ಒದಗಿಸತಕ್ಕದ್ದು. ಹಳೆಯ ಕಾರ್ಡಿಗೆ ಬದಲು ಹೊಸದು ಬಂದಾಗ, ಅದನ್ನು ಹಿಂದಿನ ಅಂಗಡಿಗಳಿಗೆ ಜೋಡಿಸಲು ಪುನಃ ಒಪ್ಪಿಗೆ ಕೇಳತಕ್ಕದ್ದು.

ಗ್ರಾಮದ ಮುಖ್ಯಸ್ಥರೂ ಹಿಡುವಳಿದಾರರೂ ಈ ಕೆಳಗಿನ ಸಂಗತಿಗಳನ್ನು ಊರಿನವರಿಗೆ ತಿಳಿಯಹೇಳುವುದು ಒಳ್ಳೆಯದು:

1. ಹಣ ಸಲ್ಲಿಸುವ ಮುನ್ನ ಪರದೆಯ ಮೇಲಿನ ಬರಹವನ್ನು ಪೂರ್ತಿ ಓದತಕ್ಕದ್ದು. ಓದು ಬಾರದವರು ನಂಬಿಕೆಯ ಮನೆಯವರಿಂದ ಓದಿಸತಕ್ಕದ್ದು.

2. ನೆರೆಯವರ ಫೋನಿನಲ್ಲಿ ಸಾಮಾನು ತರಿಸುವಾಗ ಕಾರ್ಡನ್ನು ಉಳಿಸಲು ಒಪ್ಪಬಾರದು.

3. ಬೀಜದ ಖರೀದಿ ಮುಗಿದ ಮೇಲೆ, ಮತ್ತೆ ಹೋಗದ ಅಂಗಡಿಯ ಟೋಕನನ್ನು ರದ್ದು ಮಾಡಿಸತಕ್ಕದ್ದು.

4. ಬ್ಯಾಂಕಿನವರೆಂದು ಹೇಳಿ ಯಾರು ಕೇಳಿದರೂ ಓಟಿಪಿಯನ್ನಾಗಲಿ, ಕಾರ್ಡಿನ ಹಿಂಭಾಗದ ಸಿವಿವಿ ಅಂಕೆಗಳನ್ನಾಗಲಿ ಹೇಳಕೂಡದು.

ಇಷ್ಟಾದರೂ ಹಣ ಹೋದುದು ತಿಳಿದುಬಂದರೆ, ನಾಚಿಕೆಯಿಂದ ಮುಚ್ಚಿಡದೆ ಕೂಡಲೆ ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ನಿಲ್ಲಿಸಬೇಕು. 1930ನೆಯ ಸಂಖ್ಯೆಗೂ ದೂರು ಕೊಡಬೇಕು. ತಡವಾದಷ್ಟೂ ಹಣ ಮರಳಿ ದೊರೆಯುವುದು ಕಷ್ಟ. ಸಾಲಪತ್ರವನ್ನು ಓದಿಸಿ ಕೇಳಿದ ಮೇಲೆ ರುಜು ಹಾಕುವ ಎಚ್ಚರವನ್ನು ರೈತರು ಈ ಸಣ್ಣ ಚೌಕದ ಮುಂದೆಯೂ ತೋರಿದರೆ, ಹೊಸ ಅನುಕೂಲದ ಲಾಭವೂ ದೊರೆಯುವುದು, ಗಳಿಸಿದ ಹಣವೂ ಉಳಿಯುವುದು.