ಎಂಟು ಸಾವಿರ ಕೋಟಿ ಸಂಖ್ಯೆ, ಹತ್ತು ಬೆರಳು

ಮಾಲೂರಿನ ಯಾವುದೇ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ನಕಲು ಬರಲು ನಾಲ್ಕೈದು ಸೆಕೆಂಡು ಸಾಕು. ಆ 12 ಅಂಕಿಗಳ ಲೆಕ್ಕಕ್ಕೆ ಕೂತರೆ ಮಾತ್ರ ತಲೆ ಗಿರ್ರೆನ್ನುತ್ತದೆ. ಮೊದಲ ಅಂಕಿ 0 ಅಥವಾ 1 ಆಗುವಂತಿಲ್ಲ. ಕೊನೆಯದು ಉಳಿದ ಹನ್ನೊಂದನ್ನು ತಾಳೆ ನೋಡುವ ಅಂಕಿ. ಇಷ್ಟು ಕಳೆದರೂ 8,000 ಕೋಟಿ ಸಂಖ್ಯೆಗಳು ಸಾಧ್ಯ. ಸೆಕೆಂಡಿಗೊಂದರಂತೆ ಕಳ್ಳನೊಬ್ಬ ಹಗಲೂ ರಾತ್ರಿ ಬರೆದರೆ ಮುಗಿಯಲು 2,535 ವರ್ಷ. ಗಂಗರು ಕೋಲಾರವನ್ನು, ಅಂದಿನ ಕುವಲಾಲವನ್ನು, ರಾಜಧಾನಿ ಮಾಡಿಕೊಂಡು ಇನ್ನೂ 1,700 ವರ್ಷವೂ ತುಂಬಿಲ್ಲ!

ಆರಂಕಿಯ ಒಟಿಪಿಯೂ ಕಡಿಮೆಯದಲ್ಲ: 10 ಲಕ್ಷ ಸಾಧ್ಯತೆ, ಹೀಗೇ ಬರೆದರೆ ಹನ್ನೊಂದೂವರೆ ದಿನ.

ಬೀಗಗಳು ಇಷ್ಟು ಗಟ್ಟಿಯಿದ್ದೂ 2024ರಲ್ಲಿ ದೇಶದ ಜನ ಸೈಬರ್ ವಂಚಕರಿಗೆ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಸಂಸತ್ತಿಗೆ ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ಅಂದರೆ ನಿಮಿಷಕ್ಕೆ 4.33 ಲಕ್ಷ. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯಲ್ಲಿದ್ದ 15.36 ಲಕ್ಷ ಜನರಿಗೆ ಹಂಚಿದರೆ, ಶ್ರೀನಿವಾಸಪುರದ ತೊಟ್ಟಿಲ ಕೂಸಿಗೂ 1.49 ಲಕ್ಷ ಬರುತ್ತದೆ.

ಕೆಜಿಎಫ್‌ನಲ್ಲಿ ಚಿನ್ನಕ್ಕಾಗಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಈ ಕಳ್ಳ ಅಗೆಯುವುದೇ ಇಲ್ಲ, ಕೇಳುತ್ತಾನೆ. ‘ಅಮ್ಮಾ, ನಿಮ್ಮ ಕೆವೈಸಿ ನಿಂತೋಗಿದೆ, ಮೊಬೈಲಿಗೆ ಬಂದಿರೋ ನಂಬರ್ ಹೇಳಿ.’ ಆರು ಅಂಕಿ ಹೇಳಲು ನಾಲ್ಕು ಸೆಕೆಂಡು. ಹನ್ನೊಂದೂವರೆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಕೇಳದೆಯೂ ಕದಿಯುತ್ತಾರೆ. ಜಮೀನು ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ, ಆಧಾರ್ ಜೋಡಿಸಿದ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಾದವು. ಅದಕ್ಕೆ ಒಟಿಪಿಯೂ ಬೇಕಿರಲಿಲ್ಲ.

ಹಾಗಾಗಿ ನಕಲು ಕೊಡಲೇಬೇಕಾದಾಗ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕಾಣುವ ಕೊನೆಯ 4 ಅಂಕಿಗಳಿಗೆ ಹೊಂದುವ ಸಂಖ್ಯೆಗಳೇ 80 ಲಕ್ಷ ಇವೆ. ದುಡ್ಡು ಹೋಯಿತೆಂದು ತಿಳಿದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮಿಷಕ್ಕೆ 4.33 ಲಕ್ಷ ಹರಿಯುವ ಕಡೆ ಅರ್ಧ ಗಂಟೆಯೂ ದೊಡ್ಡದು. ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಿ, ಬೇಕಾದಾಗ ತೆಗೆದರಾಯಿತು. ನಾಲ್ಕಂಕಿಯ ಎಟಿಎಂ ಪಿನ್ನನ್ನು ದಿನಕ್ಕೊಮ್ಮೆ ಬದಲಿಸಿದರೂ 27 ವರ್ಷ ಹೊಸದು ಸಿಗುತ್ತದೆ. ಬೆರಳು ಹತ್ತೇ.