ಕಳೆಗುಂದಿದ ಕಾರಿಗೆ ಮರಳಿ ಹೊಳಪು: ಖರ್ಚು ಮತ್ತು ಲೆಕ್ಕಾಚಾರ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲೂಕುಗಳಲ್ಲಿ ವ್ಯವಹಾರದ ಹೆಸರಿನಲ್ಲಿ ಖರೀದಿಸಿದ ಕಾರುಗಳು ಅಂಗಡಿ, ಗೋದಾಮುಗಳ ಮುಂದೆ ಬಿಸಿಲು-ಮಳೆಗೆ ನಿಂತಿರುವುದು ಸಾಮಾನ್ಯ ದೃಶ್ಯ. ಮಾರುವ ಹೊತ್ತಿಗೆ ಕೊಳ್ಳುವವನ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ. ಆದ್ದರಿಂದ ಹೊಳಪು ಮರಳಿಸಲು ಎಷ್ಟು ವೆಚ್ಚ ಮಾಡುವುದು ಯುಕ್ತವೆಂಬುದನ್ನು ವರ್ತಕರು ಅರಿತಿರಬೇಕು.

ಬಣ್ಣ ಮಾಸುವುದೇಕೆ?

ಇಂದಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಇದರ ದಪ್ಪ ಸಾಮಾನ್ಯವಾಗಿ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಸೂರ್ಯನ ಅತಿನೇರಳೆ ಕಿರಣಗಳು ಇದನ್ನು ಶಿಥಿಲಗೊಳಿಸುತ್ತವೆ. ಹಕ್ಕಿಯ ಹಿಕ್ಕೆ ಕಲೆ ಮಾಡುತ್ತದೆ. ಕೊಳವೆಬಾವಿಯ ಗಡಸು ನೀರು ಒಣಗಿದಲ್ಲಿ ಬಿಳಿ ಗುರುತು ಉಳಿಯುತ್ತದೆ. ಧೂಳನ್ನು ಒಣ ಬಟ್ಟೆಯಿಂದ ಒರೆಸಿದರೆ ಗೀರುಗಳೇಳುತ್ತವೆ.

ಕ್ರಮ

ಮೊದಲು ಧಾರಾಳ ನೀರು ಮತ್ತು ಕಾರ್ ಶ್ಯಾಂಪೂವಿನಿಂದ ನೆರಳಿನಲ್ಲಿ ತೊಳೆಯಬೇಕು. ತೊಳೆದ ಮೇಲೂ ಕೈಗೆ ಒರಟಾಗಿ ತಾಗಿದರೆ, ಜಾರುವ ದ್ರವ ಹಚ್ಚಿ ಕ್ಲೇ ಬಾರ್‌ನಿಂದ ಮೃದುವಾಗಿ ಉಜ್ಜಿ ಅಂಟಿದ ಕಣಗಳನ್ನು ತೆಗೆಯಬೇಕು. ಅನಂತರ ಒಂದು ಅಡಿಯಷ್ಟು ಜಾಗದಲ್ಲಿ ಮಾತ್ರ ನಯವಾದ ಪಾಲಿಶ್ ಹಚ್ಚಿ ಪರೀಕ್ಷಿಸಬೇಕು. ಅದು ಸಾಲದಿದ್ದರೆ ಮಾತ್ರ ರಬ್ಬಿಂಗ್ ಕಾಂಪೌಂಡ್ ಬಳಸಿ, ಬಳಿಕ ಪಾಲಿಶ್ ಮಾಡಬೇಕು. ಕೊನೆಗೆ ಮೇಣ ಅಥವಾ ಸೀಲೆಂಟ್ ಲೇಪಿಸಬೇಕು.

ಕ್ಲಿಯರ್ ಕೋಟ್ ಅಸಲು ಬಂಡವಾಳವಿದ್ದಂತೆ. ಪ್ರತಿ ಸಲ ಉಜ್ಜಿದಾಗಲೂ ಅದು ಸ್ವಲ್ಪ ಸವೆಯುತ್ತದೆ; ಮರಳಿ ಬೆಳೆಯುವುದಿಲ್ಲ. ಪದರವು ಹೊಟ್ಟಿನಂತೆ ಏಳುತ್ತಿದ್ದರೆ ಪಾಲಿಶ್ ಮಾಡಿಸುವುದು ವ್ಯರ್ಥ. ಆ ಭಾಗಕ್ಕೆ ಮರುಬಣ್ಣವೇ ಗತಿ.

ಲೆಕ್ಕಪತ್ರದಲ್ಲಿ

ವ್ಯವಹಾರಕ್ಕೆ ಬಳಸುವ ಕಾರಿನ ಪಾಲಿಶ್ ವೆಚ್ಚ ದುರಸ್ತಿ ಖರ್ಚಾಗಿದ್ದು, ಅದನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸುವಂತಿಲ್ಲ. ಸ್ವಂತ ಬಳಕೆಯ ಪಾಲನ್ನು ಬಿಡಬೇಕು. ವಾಹನ ಮಾರಾಟಗಾರರು, ಪ್ರಯಾಣಿಕ ಸಾರಿಗೆ ಹಾಗೂ ಚಾಲನಾ ತರಬೇತಿಯವರನ್ನು ಹೊರತುಪಡಿಸಿ, ಸಾಮಾನ್ಯ ವರ್ತಕರಿಗೆ ಕಾರಿನ ದುರಸ್ತಿಯ ಮೇಲಿನ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಹೀಗಾಗಿ ಬಿಲ್ಲಿನ ಪೂರ್ಣ ಮೊತ್ತವೇ ಖರ್ಚು.

ಮಾರುವಾಗಲೂ ಎಚ್ಚರ ಬೇಕು. 2025ರ ಜನವರಿಯಿಂದ ನೋಂದಾಯಿತ ವ್ಯಕ್ತಿ ಮಾರುವ ಹಳೆಯ ವಾಹನಗಳ ಲಾಭಾಂತರದ ಮೇಲೆ ಶೇ. 18 ಜಿಎಸ್‌ಟಿ ನಿಗದಿಯಾಗಿದೆ. ಸವಕಳಿ ಪಡೆದಿದ್ದರೆ, ಮಾರಾಟದ ಬೆಲೆಯಲ್ಲಿ ಸವಕಳಿ ಕಳೆದುಳಿದ ಮೌಲ್ಯವನ್ನು ಕಳೆದಾಗ ಬರುವ ಮೊತ್ತವೇ ಲಾಭಾಂತರ. ಉದಾಹರಣೆಗೆ, ಉಳಿದ ಮೌಲ್ಯ ರೂ. 1,50,000, ತೆರಿಗೆ ಹೊರತಾದ ಬೆಲೆ ರೂ. 1,75,000 ಇದ್ದರೆ, ರೂ. 25,000ದ ಮೇಲೆ ತೆರಿಗೆ ರೂ. 4,500. ಬೆಲೆ ರೂ. 1,50,000ಕ್ಕಿಂತ ಕಡಿಮೆಯಿದ್ದರೆ ತೆರಿಗೆಯಿಲ್ಲ. ಪಾಲಿಶ್‌ಗೆ ಮಾಡಿದ ವೆಚ್ಚವನ್ನು ಈ ಲಾಭಾಂತರದಿಂದ ಕಳೆಯಲು ಅವಕಾಶವಿಲ್ಲ.

ಆದ್ದರಿಂದ ಹೊಳಪಿನಿಂದ ಏರುವ ಬೆಲೆಯು ಪಾಲಿಶ್ ವೆಚ್ಚ ಹಾಗೂ ಹೆಚ್ಚುವ ತೆರಿಗೆ ಎರಡನ್ನೂ ಮೀರುವಂತಿದ್ದರೆ ಮಾತ್ರ ಕೈಹಾಕುವುದು ಲೇಸು. ಕಾರನ್ನು ಇನ್ನೂ ಬಳಸುವುದಿದ್ದರೆ, ಗೋದಾಮಿನ ಪಕ್ಕದಲ್ಲೊಂದು ತಗಡಿನ ನೆರಳು ಎಲ್ಲ ಪಾಲಿಶ್‌ಗಿಂತ ಉತ್ತಮ ಹೂಡಿಕೆ.